ಸಾಹೇಬರ ಬಂದೂಕು, ನನ್ನ ಕೊಡೆ

ಆಗ ನನಗೆ ಐವತ್ತು ವರ್ಷ. ಇವತ್ತಿಗೆ ಹದಿಮೂರು ವರ್ಷ ಹಿಂದಿನ ಮಾತು. ಭಟ್ಕಳದ ಶೈಲಾ ಎಂಬ ಪೇದೆ ಹುಡುಗಿ ಮುನ್ನೂರು ಮೀಟರಿನ ಗುಂಡಿನ ಪರೀಕ್ಷೆಯಲ್ಲಿ ಎರಡು ಸಲ ಬಿದ್ದು ಮೂರನೇ ಸಲಕ್ಕೆ ಕಾಯುತ್ತಿದ್ದಳು. ಮೂರನೇ ಸಲವೂ ಬಿದ್ದರೆ ತಂಡದಿಂದ ಹೆಸರು ಹೊಡೆಯುತ್ತಾರೆ, ಮತ್ತೆ ಸೇರಿಸುವುದಿಲ್ಲ. ಅವಳು ಯಾಕೆ ಬೀಳುತ್ತಿದ್ದಾಳೆ ಎಂದು ನನಗೆ ಗೊತ್ತಿತ್ತು. ನನ್ನ ಜೊತೆಗಾತಿ ಗಂಗೆಯನ್ನು ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಯಾಕೆಂದರೆ ಅದಕ್ಕೆ ಕಾರಣ ನಾನೇ.

ಅದನ್ನು ಹೇಳುವ ಮೊದಲು ಕೆಲಸ ಎಂಥದ್ದು ಎಂದು ಹೇಳಬೇಕು. ಈಗ ನಮ್ಮ ರೇಂಜಿಗೆ, ಅಂದರೆ ಗುಂಡು ಹೊಡೆಯುವ ಜಾಗಕ್ಕೆ, ಮೂವರು ಹೊಸ ಹುಡುಗಿಯರನ್ನು ತೆಗೆದುಕೊಂಡಿದ್ದಾರಂತೆ. ಅವರಿಗೋಸ್ಕರ ಇದು. ನಾನು ಓದಿದ್ದು ಮೂರನೇ ಇಯತ್ತೆ. ಇಲಾಖೆಯ ಹೆಸರು ಬರೆಯುವುದಿಲ್ಲ, ಖಾಕಿ ಇಲಾಖೆ ಅಂದರೆ ಸಾಕು. ಹೆಸರು ಬರೆದರೆ ಯಾರೋ ಒಬ್ಬರು ಪತ್ರ ಹಾಕುತ್ತಾರೆ. ಅದಕ್ಕೆ ಉತ್ತರ ಬರೆಯುವಷ್ಟು ಅಕ್ಷರ ನನ್ನ ಹತ್ತಿರ ಇಲ್ಲ.

ಕುಮಟೆಗೂ ಹೊನ್ನಾವರಕ್ಕೂ ನಡುವೆ, ಹೆದ್ದಾರಿಯಿಂದ ಒಳಗೆ, ಚಿರೆಕಲ್ಲಿನ ಬೋಳುಗುಡ್ಡ ಒಂದಿದೆ. ನಾವು ಹೆಂಗಸರು ಅದರ ಬುಡದ ಗೇರುಮರಗಳ ದರಕು, ಅಂದರೆ ಒಣ ಎಲೆ, ಗುಡಿಸಲು ಹೋಗುತ್ತಿದ್ದ ಗುಡ್ಡ. ಕೆಂಪು ಬಾವುಟ ಹಾರಿಸಿದ ದಿನ ಅಲ್ಲಿ ಗುಂಡು ಹೊಡೆಯುತ್ತಾರೆ, ಹೋಗಬಾರದು ಎಂದು ಹೇಳಿದ್ದರು. ನಾವು ಹೋಗುತ್ತಿದ್ದೆವು. ಒಂದು ದಿನ ಹವಾಲ್ದಾರ ನನ್ನನ್ನೂ ಪಕ್ಕದ ಮನೆಯ ಗಂಗೆಯನ್ನೂ ಹಿಡಿದು, "ಹೆಂಗೂ ಬರೂದು ಬಿಡೂದಿಲ್ಲ. ಬಂದವ್ರು ಕೆಲ್ಸನಾದ್ರೂ ಮಾಡಿ" ಎಂದ. ನನ್ನ ಸಂದರ್ಶನ ಅಷ್ಟೇ.

ಕೆಲಸ ಗುಂಡಿಯಲ್ಲಿ. ಗುಡ್ಡದ ಬುಡದಲ್ಲಿ ಆಳೆತ್ತರದ ಗುಂಡಿ, ಅದರ ಮುಂದೆ ಮಣ್ಣಿನ ಗೋಡೆ. ಹೊಡೆಯುವವರು ಮುನ್ನೂರು ಮೀಟರು ದೂರದಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಾರೆ. ನಾವು ಗುಂಡಿಯೊಳಗೆ ಕೂತು ಟಾರ್ಗೆಟ್ಟಿನ ಹಲಗೆಯನ್ನು ಹಗ್ಗದಲ್ಲಿ ಮೇಲೆ ಎಳೆಯುತ್ತೇವೆ. ಹಲಗೆ ಅಂದರೆ ಮರದ ಚೌಕಟ್ಟು, ಅದಕ್ಕೆ ತೆಳು ಬಟ್ಟೆ, ಬಟ್ಟೆಯ ಮೇಲೆ ಕಾಗದ. ಕಾಗದದ ನಡುವೆ ದೊಡ್ಡ ಕರಿ ಚಕ್ರ, ಸುತ್ತ ಬಿಳಿ. ಗುಂಡು ತಲೆಯ ಮೇಲಿಂದ ಹೋಗುತ್ತದೆ. ಒಣಕಡ್ಡಿ ಮುರಿದ ಹಾಗೆ ಸದ್ದು ಬರುತ್ತದೆ. ಹೊಡೆದಾದ ಮೇಲೆ ಹಲಗೆ ಇಳಿಸಿ, ತೂತು ಎಣಿಸಿ, ಕೋಲಿಗೆ ಕಟ್ಟಿದ ತಟ್ಟೆ ಎತ್ತಿ ಎಲ್ಲಿ ಬಿತ್ತು ಎಂದು ತೋರಿಸಬೇಕು. ಆಮೇಲೆ ತೂತಿಗೆ ಚೀಟಿ ಹಚ್ಚಬೇಕು. ಕರಿಯಲ್ಲಿ ಬಿದ್ದ ತೂತಿಗೆ ಕರಿ ಚೀಟಿ, ಬಿಳಿಯಲ್ಲಿ ಬಿದ್ದದ್ದಕ್ಕೆ ಬಿಳಿ ಚೀಟಿ. ಅಂಟು ಮೈದಾ ಹಿಟ್ಟಿನದು, ಬೆಳಿಗ್ಗೆ ನಾವೇ ಕುದಿಸುವುದು. ಹೊಡೆಯುವವರ ಮುಖ ನಮಗೆ ಕಾಣುವುದಿಲ್ಲ. ತೂತು ಕಾಣುತ್ತದೆ. ಮುಖ ಕಂಡರೂ ಅಷ್ಟು ಗೊತ್ತಾಗುತ್ತಿರಲಿಲ್ಲ.

ಮೊದಲ ವರ್ಷಗಳಲ್ಲಿ ಹಳೆ ಬಂದೂಕು. ಒಂದು ಗುಂಡು ಹೊಡೆದರೆ ಕೊಂಡಿ ಎಳೆದು, ಖಾಲಿ ತೋಟಾ ತೆಗೆದು, ಇನ್ನೊಂದು ಗುಂಡನ್ನು ಒಳಗೆ ದೂಡಬೇಕು. ಸದ್ದಿಗೂ ಸದ್ದಿಗೂ ನಡುವೆ ಒಂದು ಎಲೆ ಅಡಿಕೆ ಮಡಚುವಷ್ಟು ಹೊತ್ತು ಸಿಗುತ್ತಿತ್ತು. ಆಮೇಲೆ ಎಸ್ಸೆಲ್ಲಾರ್ ಎಂಬ ಹೊಸ ಬಂದೂಕು ಬಂತು. ಅದು ಖಾಲಿ ತೋಟಾವನ್ನು ತಾನೇ ಎಸೆಯುತ್ತದೆ, ಮುಂದಿನ ಗುಂಡನ್ನು ತಾನೇ ತುಂಬಿಕೊಳ್ಳುತ್ತದೆ. ಕುದುರೆ ಒತ್ತುವುದೊಂದೇ ಕೆಲಸ. ಎಲ್ಲರೂ ಬಹಳ ಸುಲಭ ಅಂದರು. ಗುಂಡಿಯಲ್ಲಿ ಕೂತವರಿಗೆ ಬೇರೆ ಥರ ಕಂಡಿತು. ಬಂದೂಕು ತಾನೇ ತುಂಬಿಕೊಳ್ಳುತ್ತದೆ ಅಂತ ಕೈ ಅವಸರ ಮಾಡುತ್ತದೆ. ಹಳೆ ಬಂದೂಕಿನಲ್ಲಿ ಉಸಿರು ಹಿಡಿದು ಒಂದೊಂದೇ ಹೊಡೆಯುತ್ತಿದ್ದವರು ಇದರಲ್ಲಿ ಚಟಪಟ ಹೊಡೆದು ಮುಗಿಸಿ, ತೂತು ಅಲ್ಲೊಂದು ಇಲ್ಲೊಂದು ಬಿದ್ದ ಮೇಲೆ ಬಂದೂಕಿಗೆ ಬೈಯುತ್ತಿದ್ದರು. ಸದ್ದು ಕೇಳಿಯೇ ಗಂಗೆ ಹೇಳುತ್ತಿದ್ದಳು, "ಇದು ಮನೆಗೆ ಹೋಗೂಕೆ ಬಸ್ಸು ಹಿಡಿಯೋ ಅವಸರದ ಜನ ಮಾರಾಯ್ತಿ. ಬಿಳಿ ಚೀಟಿ ಜಾಸ್ತಿ ಹರಿದಿಡು."

ನಾನು ಮಾಡಿದ ತಪ್ಪುಗಳೂ ಇವೆ. ಎರಡನೇ ಹಲಗೆಯ ತೂತನ್ನು ಮೂರನೇ ಹಲಗೆಯದೆಂದು ತೋರಿಸಿ, ಜೀವಮಾನದಲ್ಲಿ ಹಲಗೆಗೆ ತಾಗಿಸದ ಒಬ್ಬ ಮುದಿ ಪೇದೆಗೆ ಬಹುಮಾನ ಕೊಡಿಸಿದ್ದೇನೆ. ಅವನು ಎಲ್ಲರಿಗೂ ಪೇಡೆ ಹಂಚಿದ. ನಾನೂ ಎರಡು ತಿಂದೆ. ಇನ್ನೊಂದು ಸಲ ವರ್ಷದ ಪರೀಕ್ಷೆಯ ಕಾಗದಗಳನ್ನೆಲ್ಲ ಸುರುಳಿ ಸುತ್ತಿ ಶೆಡ್ಡಿನಲ್ಲಿಟ್ಟು ಬಾಗಿಲು ಹಾಕುವುದು ಮರೆತೆ. ಅಂಟಿನ ರುಚಿಗೆ ದನ ಬಂದು ಅರವತ್ತು ಜನರ ಪರೀಕ್ಷೆಯನ್ನು ತಿಂದುಹಾಕಿತು. ಅರವತ್ತು ಜನ ಮತ್ತೆ ಹೊಡೆಯಬೇಕಾಯಿತು. ಮೊದಲ ಸಲ ಫೇಲಾಗಿದ್ದವರು ಮಾತ್ರ ನನಗೆ ಸಿಕ್ಕಾಗೆಲ್ಲ ಕೈ ಮುಗಿಯುತ್ತಿದ್ದರು. ಅಲ್ಲಿಂದ ಮುಂದೆ ದನ ಮುಟ್ಟದ ಹಾಗೆ ಅಂಟಿಗೆ ಒಂದು ಚಿಟಿಕೆ ಮೈಲುತುತ್ತು ಹಾಕತೊಡಗಿದೆವು.

ಇವು ಸಣ್ಣ ತಪ್ಪು. ದೊಡ್ಡದಕ್ಕೆ ಬರುತ್ತೇನೆ.

ಗುಂಡಿಯಲ್ಲಿ ಒಂದು ರೂಢಿ ಇತ್ತು. ದೊಡ್ಡ ಸಾಹೇಬರು ತಪಾಸಣೆಗೆ ಬಂದು ತಾವೂ ಐದು ಗುಂಡು ಹೊಡೆಯುತ್ತೇನೆ ಅಂದರೆ, ಅವರ ಹಲಗೆಯಲ್ಲಿ ತೂತು ಇಲ್ಲದೇ ಹೋಗಬಾರದು. ಹೀಗೆ ಮಾಡಿ ಎಂದು ಯಾರೂ ಹೇಳುವುದಿಲ್ಲ. ಆಗ ಗುಂಡಿಗೆ ಹಿಡಿಕೆ ತಿರುಗಿಸುವ ಫೋನು ಇತ್ತು. ಹವಾಲ್ದಾರ ಅದರಲ್ಲಿ "ಈಗ ದೊಡ್ಡ ಸಾಹೇಬ್ರು ಹೊಡೀತಾರೆ. ಗೊತ್ತಾತಲ್ಲ?" ಅನ್ನುತ್ತಿದ್ದ. ಗೊತ್ತಾತಲ್ಲ ಅಂದರೆ ಗೊತ್ತಾಯಿತು. ಒಂದೋ ಎರಡೋ ತೂತು ನಾವು ಚುಚ್ಚಿ ಹಲಗೆ ಏರಿಸುತ್ತಿದ್ದೆವು. ಸಾಹೇಬರು ಖುಷಿಯಾಗಿ ಹೋಗುತ್ತಿದ್ದರು. ಗುಂಡಿಗೆ ಚಹಾ ಬರುತ್ತಿತ್ತು. ಅದಕ್ಕಿಂತ ಹೆಚ್ಚು ಏನೂ ಇಲ್ಲ. ಯಾರಿಗೂ ಅದರಿಂದ ಕೆಟ್ಟದ್ದಾಗಲಿಲ್ಲ, ಆ ಒಂದು ಸಲ ಬಿಟ್ಟು.

ಶೈಲಾಳ ಪರೀಕ್ಷೆಗೆ ಒಂಬತ್ತು ವರ್ಷ ಮೊದಲು, ಮಳೆ ಹೋಗುವ ಕಾಲದಲ್ಲಿ, ಮೀಸೆಯ ಒಬ್ಬ ಸಾಹೇಬರು ಬಂದರು. ಏಳನೇ ನಂಬರಿನ ಎಸ್ಸೆಲ್ಲಾರಿನಲ್ಲಿ ಐದು ಹೊಡೆದರು. ನಾಲ್ಕು ಗುಡ್ಡಕ್ಕೆ ಹೋದವು. ಒಂದು ಹಲಗೆಯ ಕಾಲಿನ ಚಕ್ಕೆ ಎಬ್ಬಿಸಿತು. ಕಾಗದದಲ್ಲಿ ಒಂದು ತೂತೂ ಇಲ್ಲ. ನನ್ನ ಹತ್ತಿರ ಗಂಗೆಯ ಹಳೇ ಕರಿ ಕೊಡೆ ಇತ್ತು. ಅದರ ತುದಿಯ ಕಬ್ಬಿಣದ ಮೊನೆ ಹೆಚ್ಚುಕಡಿಮೆ ಗುಂಡಿನ ದಪ್ಪವೇ. ಮೇಲಿಂದ ಯಾರಾದರೂ ಇಣುಕಿದರೆ ಕಾಣಬಾರದೆಂದು ನಾನು ಹಲಗೆಯ ಹಿಂದೆ ಹೋಗಿ ಕೂತೆ. ಬಿಸಿಲಿಗೆ ಕರಿ ಚಕ್ರ ಹಿಂದಿನಿಂದಲೂ ಕಾಣುತ್ತದೆ. ಅದರ ನಡುವಿಗೆ ಐದು ಸಲ ಚುಚ್ಚಿದೆ.

ಗಂಗೆ ಮುಂದೆ ಬಂದು ನೋಡಿದಳು. "ಐದೂ ಕರಿಗೇ ಹಾಕಿದ್ಯೆ? ಒಂದಾದ್ರೂ ಬಿಳಿಗೆ ಬಿಡೂಕೆ ಎಂತಾಗಿತ್ತು ನಿಂಗೆ?"

"ಚಹಾದ ಜೊತೆ ಬಿಸ್ಕಿಟೂ ಬರ್ತದೆ, ನೋಡ್ತಿರು" ಎಂದೆ.

ಬಿಸ್ಕಿಟು ಬಂತು. ಆದರೆ ಸಾಹೇಬರು ಆ ಕಾಗದವನ್ನು ವಾಪಸು ಕೊಡಲಿಲ್ಲ. ಮುನ್ನೂರು ಮೀಟರಿನಲ್ಲಿ ಒಬ್ಬ ದೊಡ್ಡ ಸಾಹೇಬರು ಐದಕ್ಕೆ ಐದನ್ನೂ ಕರಿಗೆ ಹಾಕಿದ್ದು ಆ ರೇಂಜಿನಲ್ಲಿ ಅದೇ ಮೊದಲಂತೆ. ಕಾಗದಕ್ಕೆ ಗಾಜಿನ ಕಟ್ಟು ಹಾಕಿಸಿ, ಕೆಳಗೆ ಹೆಸರು, ತಾರೀಕು, ಬಂದೂಕಿನ ನಂಬರು ಬರೆಸಿ ಆಫೀಸಿನ ಗೋಡೆಗೆ ತೂಗುಹಾಕಿದರು. ಸಾಹೇಬರು ಬಡ್ತಿಯಾಗಿ ಹೋದರು. ಕಾಗದ ಉಳಿಯಿತು. ಬಂದೂಕು ಉಳಿಯಿತು.

ಆವತ್ತಿನಿಂದ ಏಳನೇ ನಂಬರು ಸಾಹೇಬರ ಬಂದೂಕಾಯಿತು. ಕೋತಿನಲ್ಲಿ, ಅಂದರೆ ಬಂದೂಕು ಇಡುವ ಕೋಣೆಯಲ್ಲಿ, ಅದಕ್ಕೆ ಬೇರೆಯೇ ಗೂಟ. ಆಯುಧಪೂಜೆಗೆ ಮೊದಲ ಕುಂಕುಮ ಅದಕ್ಕೆ. ಒಂದು ವರ್ಷ ಭಟ್ಟರು ಗುರಿ ನೋಡುವ ಕಿಂಡಿಗೇ ಗಂಧ ಮೆತ್ತಿ, ಅದು ಒಣಗಿ, ಬೆಂಕಿಕಡ್ಡಿಯಲ್ಲಿ ಕೆರೆದು ತೆಗೆಯಬೇಕಾಯಿತು. ಬೇರೆ ಬಂದೂಕನ್ನು ವಾರಕ್ಕೊಮ್ಮೆ ಒರೆಸಿದರೆ ಇದನ್ನು ದಿನವೂ ಒರೆಸುತ್ತಿದ್ದರು. ನಳಿಗೆಯೊಳಗೆ ಬಟ್ಟೆ ಕಟ್ಟಿದ ಹಗ್ಗ ಇಳಿಸಿ ನಳಿಗೆಯ ಬಾಯಿಯಿಂದ ಹೊರಗೆ ಎಳೆಯುವುದು. ಒಂಬತ್ತು ವರ್ಷ ದಿನವೂ ಎಳೆದರೆ ಬಾವಿಯ ಕಲ್ಲೇ ಸವೆಯುತ್ತದೆ.

ದೂರದ ಗುರಿಯ ತಂಡ ಕಟ್ಟಿದಾಗ ಅದರಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಡೆಯುವವರಿಗೆ ಗೌರವವೆಂದು ಸಾಹೇಬರ ಬಂದೂಕು ಕೊಡುತ್ತಿದ್ದರು. ಬೇಡ ಅನ್ನುವ ಹಾಗಿಲ್ಲ. ಕೊಟ್ಟ ಮೇಲೆ ಅವರು ಕೆಡುತ್ತಿದ್ದರು. ಹೀಗೆ ಶೈಲಾಳಿಗಿಂತ ಮೊದಲು ಇಬ್ಬರು ಕೆಟ್ಟರು. ಕೈ ಹೋಯಿತು, ಕಣ್ಣು ಹೋಯಿತು, ಕುಡಿತ ಶುರು ಮಾಡಿರಬೇಕು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಇಬ್ಬರನ್ನೂ ತಂಡದಿಂದ ತೆಗೆದರು. ಒಬ್ಬ ಕುಡಿಯುತ್ತಲೇ ಇರಲಿಲ್ಲ, ಆಮೇಲೆ ಶುರು ಮಾಡಿದ. ನಾನು ಗುಂಡಿಯಲ್ಲಿ ಚೀಟಿ ಹಚ್ಚುತ್ತಾ ಇದ್ದೆ. ಏನೂ ಹೇಳಲಿಲ್ಲ. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಶೈಲಾಳ ತಾಯಿ ಭಟ್ಕಳದ ಬಂದರಿನಲ್ಲಿ ಮೀನು ಮಾರುವವಳು. ಹುಡುಗಿ ತೆಳ್ಳಗೆ, ಮಾತು ಜಾಸ್ತಿ. ದಿನದ ಅಭ್ಯಾಸಕ್ಕೆ ಕೈಗೆ ಸಿಕ್ಕ ಬಂದೂಕು ತೆಗೆದುಕೊಂಡಾಗ ಅವಳ ಐದು ತೂತು ಒಂದು ಗೇಣಿನೊಳಗೆ ಬೀಳುತ್ತಿದ್ದವು. ನಾನು ಕೈ ಇಟ್ಟೇ ಅಳೆಯುವುದು. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ಅಷ್ಟು ದೂರದಿಂದ ಎಸ್ಸೆಲ್ಲಾರಿನಲ್ಲಿ ಒಂದು ಗೇಣಿಗೆ ಹೊಡೆಯುವವರನ್ನು ನಾನು ಆವರೆಗೆ ಮೂವರನ್ನೋ ನಾಲ್ವರನ್ನೋ ಕಂಡಿದ್ದೆ. ಅವಳಿಗೆ ಸಾಹೇಬರ ಬಂದೂಕು ಕೊಟ್ಟರು. ಎರಡು ಗೇಣು ಸಾಲಲಿಲ್ಲ.

ಪರೀಕ್ಷೆಯಲ್ಲಿ ಹತ್ತು ಗುಂಡು. ಎಂಟು ಕರಿಯಲ್ಲಿ ಬೀಳಬೇಕು. ಅವಳು ಮೊದಲ ಸಲ ಐದು ಹಾಕಿದಳು, ಎರಡನೇ ಸಲ ನಾಲ್ಕು.

ಮೂರನೇ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದುಕೊಂಡು ಗುಂಡಿಯ ಹತ್ತಿರದ ಗೇರುಮರದ ಬುಡಕ್ಕೆ ಬಂದಳು. ನಾನೂ ಗಂಗೆಯೂ ಅಲ್ಲೇ ಉಣ್ಣುವುದು. ಹುರಿದ ಬಂಗಡೆ ತಂದಿದ್ದಳು. ನಮಗಿಬ್ಬರಿಗೂ ಒಂದೊಂದು ಹಾಕಿದಳು. ಬಲಗೈ ಮಣಿಕಟ್ಟು ಊದಿಕೊಂಡಿತ್ತು.

"ಎಂತಾ ಮಾಡ್ಕಂಡ್ಯೆ ಕೈಗೆ?" ಎಂದು ಗಂಗೆ ಕೇಳಿದಳು.

"ಇಟ್ಟಿಗೆ ಕಟ್ಟಿ ಎತ್ತಿ ಹಿಡೂದು ಅಕ್ಕಾ. ಬೆಳಿಗ್ಗೆ ಒಂದ್ ಗಂಟೆ, ಸಂಜೆ ಒಂದ್ ಗಂಟೆ. ಕೈ ಅಲ್ಲಾಡಬಾರ್ದಲ್ಲ. ಚಾ ಕುಡೂದೂ ಬಿಟ್ಟೆ."

"ಕೈ ಅಲ್ಲಾಡ್ತದೆ ಅಂತ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಬಂದೂಕು ಸರಿ ಉಂಟು. ಅದೇ ಬಂದೂಕಲ್ಲಿ ಸಾಹೇಬ್ರು ಐದಕ್ಕೈದು ಹಾಕಿದ್ದು ಗೋಡೆ ಮೇಲೆ ಉಂಟಲ್ಲ. ಹಾಂಗಾರೆ ನನ್ನ ಕೈಯೇ ಅಲ್ದಾ? ನಾಳೆ ಬೀಳುದಕ್ಕಿಂತ ಇವತ್ತೇ ನಂಗೆ ಆಗೂದಿಲ್ಲ ಅಂತ ಬರ್ದು ಕೊಡ್ವಾ ಅಂದ್ಕಂಡಿದ್ದೆ."

ಗಂಗೆ ನನ್ನ ಮುಖ ನೋಡಿದಳು. ನಾನು ಬಂಗಡೆಯ ಮುಳ್ಳು ಬಿಡಿಸುತ್ತಿದ್ದೆ. ನನ್ನನ್ನು ಕಾಯಂ ಮಾಡುವ ಕಾಗದ ಆ ವರ್ಷವೇ ಮೇಲೆ ಹೋಗಿತ್ತು. ಹದಿನಾರು ವರ್ಷ ದಿನಗೂಲಿ ಮಾಡಿದ ಮೇಲೆ ಹೋದ ಕಾಗದ ಅದು. ಒಂದು ಕಡೆ ಅದು, ಇನ್ನೊಂದು ಕಡೆ ಈ ಮಣಿಕಟ್ಟು. ನಾನು ಕೊಡೆಯಲ್ಲಿ ಚುಚ್ಚಿದ್ದಕ್ಕೆ ಇವಳು ಇಟ್ಟಿಗೆ ಎತ್ತುತ್ತಿದ್ದಾಳೆ.

"ಬರ್ದು ಕೊಡ್ಬೇಡ. ಮೀನು ತಿನ್ನು" ಎಂದು ಹೇಳಿ ಕೈ ತೊಳೆದುಕೊಂಡು ಎದ್ದೆ.

ಆಫೀಸಿನಲ್ಲಿ ಇಬ್ಬರಿದ್ದರು. ಒಬ್ಬರು ಇನ್ಸ್‌ಪೆಕ್ಟರ್, ಗದಗದ ಕಡೆಯವರು. ಒಳ್ಳೆಯವರು, ಆದರೆ ಸೆಕೆಗೆ ಯಾವಾಗಲೂ ಸಿಟ್ಟಿನಲ್ಲಿರುತ್ತಿದ್ದರು. ಇನ್ನೊಬ್ಬ ಬಂದೂಕು ರಿಪೇರಿಯ ಹವಾಲ್ದಾರ ಮಂಜಯ್ಯ. ಕರ್ಕಿಯವನು. ಅವನ ಮನೆಯಲ್ಲಿ ಅಪ್ಪ, ಅಜ್ಜ ಎಲ್ಲ ಯಕ್ಷಗಾನದಲ್ಲಿ ರಾಕ್ಷಸನ ವೇಷ ಹಾಕಿದವರು. ಹಾಗಾಗಿ ಉಪ್ಪು ಕೇಳುವುದಾದರೂ ಕೂಗಿಯೇ ಕೇಳುತ್ತಿದ್ದ.

ನಾನು ಸ್ಟೂಲು ಎಳೆದು, ಹತ್ತಿ, ಗೋಡೆಯ ಮೇಲಿನ ಕಟ್ಟನ್ನು ಇಳಿಸಿದೆ.

"ಏನ್ ಮಾಡಾಕತ್ತೀ ಮಾದೇವಕ್ಕ?" ಎಂದರು ಇನ್ಸ್‌ಪೆಕ್ಟರ್. "ಧೂಳ ಒರಸೋದಿದ್ರ ನಾಳಿಗೆ ಒರಸು. ಕೆಲಸೈತಿ."

"ಧೂಳಲ್ಲ ಸಾಹೇಬ್ರೇ. ಇದ್ರ ಹಿಂದಿನ ಮೊಳೆ ತೆಗೀಬೇಕು."

ಮಂಜಯ್ಯ ಇಕ್ಕಳದಿಂದ ಮೊಳೆ ಕಿತ್ತ. ಕಾಗದ ಹೊರಗೆ ಬಂತು. ನಾನು ಹೇಳಿದೆ, "ತೂತು ಮುಟ್ಟಿ ನೋಡಿ. ಮುಂದೆ ಒಂದು ಸಲ, ಹಿಂದೆ ಒಂದು ಸಲ."

ಗುಂಡು ಹೋದ ತೂತಿಗೆ ಮುಂದಿನ ಕಡೆ ಮಸಿಯ ಸಣ್ಣ ಬಳೆ ಇರುತ್ತದೆ. ಹಿಂದಿನ ಕಡೆ ಕಾಗದ ಹೂವಿನ ಹಾಗೆ ಅರಳಿರುತ್ತದೆ. ಇದರಲ್ಲಿ ಮಸಿ ಇಲ್ಲ. ಹೂವು ಮುಂದೆ ಅರಳಿತ್ತು. ಒಂಬತ್ತು ವರ್ಷ ಗಾಜಿನ ಹಿಂದೆ, ಬಂದವರಿಗೆಲ್ಲ ಎದುರಿಗೇ ಕಾಣುವ ಹಾಗೆ ಅರಳಿಕೊಂಡು ಇತ್ತು. ಎಷ್ಟೋ ಸಾಹೇಬರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ.

ಮಂಜಯ್ಯ ಎರಡು ಸಲ ಬೆರಳಾಡಿಸಿದ. "ಇದು ಹಿಂದಿಂದ ಬಂದದ್ದು!" ಎಂದು ಕೂಗಿದ.

ಇನ್ಸ್‌ಪೆಕ್ಟರ್ ಕಾಗದ ತಿರುಗಿಸಿ ತಿರುಗಿಸಿ ನೋಡಿದರು. "ಅಂದ್ರ ಗುಡ್ಡದ ಕಡಿಂದ ಯಾರರೆ ಸಾಹೇಬರಿಗೆ ಗುಂಡು ಹೊಡದಾರೇನು?"

"ಯಾರೂ ಹೊಡೀಲಿಲ್ಲ. ನಾ ಚುಚ್ಚಿದ್ದು. ಕೊಡೆಯಲ್ಲಿ."

ಇನ್ಸ್‌ಪೆಕ್ಟರ್ ಕಾಗದವನ್ನು ಮೇಜಿನ ಮೇಲೆ ಇಟ್ಟರು.

"ಕೊಡಿ ಅಂದ್ರ? ಮಳೀಗೆ ಹಿಡಿಯೋ ಕೊಡಿ?"

"ಹೌದು. ಗಂಗೆಯದು. ಅವ್ಳದು ತಪ್ಪಿಲ್ಲ, ಕೊಡೆ ಮಾತ್ರ ಅವ್ಳದು. ಏಳನೇ ನಂಬರಿನ ಬಂದೂಕು ಆವತ್ತೂ ಸರಿ ಇರ್ಲಿಲ್ಲ. ಈಗ ಇನ್ನೂ ಇಲ್ಲ. ಆ ಹುಡುಗಿ ಕೈ ಸರಿ ಇದೆ."

"ಇಷ್ಟ ವರ್ಷ ಬಾಯಾಗ ಏನ್ ಇಟಗೊಂಡಿದ್ದಿ?"

"ಎಲೆ ಅಡಿಕೆ" ಎಂದೆ. ಹಾಗೆ ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಗೆ ಅದೇ ಬಂತು.

ಇನ್ಸ್‌ಪೆಕ್ಟರ್ ಮಂಜಯ್ಯನ ಕಡೆ ತಿರುಗಿದರು. "ನೀ ದಿನಾ ಆ ಬಂದೂಕು ಹಿಡಿಯಾಂವ. ನಿನಗೂ ತಿಳಿಲಿಲ್ಲೇನು?"

ಮಂಜಯ್ಯ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದು ಸಲವೇ. "ನಾನು ಬಂದ ವರ್ಷವೇ ನೋಡಿದ್ದೆ ಸಾರ್. ನಳಿಗೆ ಬಾಯಿ ಸವೆದಿತ್ತು. ಆದ್ರೆ ಗೋಡೆ ಮೇಲೆ ಕಾಗದ ಇತ್ತಲ್ಲ. ನನ್ನ ಕಣ್ಣೇ ಸರಿ ಇಲ್ಲ ಅಂದ್ಕಂಡೆ. ಕುಮಟೆಗೆ ಹೋಗಿ ಕನ್ನಡಕ ಮಾಡಿಸ್ಕಂಡು ಬಂದೆ."

ಅವನು ಸಾಹೇಬರ ಬಂದೂಕು ತಂದ. ಒಂದು ಗುಂಡು ತೆಗೆದುಕೊಂಡು ಅದರ ಮೂತಿಯನ್ನು ನಳಿಗೆಯ ಬಾಯಿಗೆ ಇಟ್ಟ. ಒಳ್ಳೆ ನಳಿಗೆಯಾದರೆ ಗುಂಡಿನ ಮೂತಿ ಅರ್ಧಕ್ಕೇ ನಿಲ್ಲುತ್ತದೆ. ಇದರಲ್ಲಿ ಹಿತ್ತಾಳೆಯವರೆಗೂ ಇಳಿದು ಕೂತಿತು. ಬಾಟಲಿಗೆ ಬಿರಡೆ ಹಾಕಿದ ಹಾಗೆ.

ಇನ್ಸ್‌ಪೆಕ್ಟರ್ ಬಹಳ ಹೊತ್ತು ಯೋಚನೆ ಮಾಡಿದರು. ನನ್ನನ್ನು ತೆಗೆಯಬೇಕಾದರೆ ಯಾಕೆ ಎಂದು ಬರೆಯಬೇಕು. ಬರೆದರೆ ಕಾಗದ ಮೇಲೆ ಹೋಗಬೇಕು. ಮೇಲೆ ಹೋದರೆ ಅದು ಹೋಗುವುದು ಆ ಮೀಸೆಯ ಸಾಹೇಬರ ಮೇಜಿಗೆ. ಇದೆಲ್ಲ ಅವರ ಮುಖದಲ್ಲಿ ಒಂದೊಂದಾಗಿ ದಾಟಿ ಹೋಗುವುದು ಕಾಣುತ್ತಿತ್ತು. ಕೊನೆಗೆ ಕಾಗದವನ್ನು ಕಟ್ಟಿನೊಳಗೆ ಇಟ್ಟು ಮಂಜಯ್ಯನಿಗೆ ಕೊಟ್ಟರು. "ಮೊಳಿ ಬಡಿ. ಗ್ವಾಡಿಗೆ ಹಾಕು. ಆ ಬಂದೂಕು ಇನ್ನ ಪೂಜಿಗೆ ಅಷ್ಟ." ಆಮೇಲೆ ನನ್ನ ಕಡೆ ನೋಡಿ, "ಆ ಹುಡಿಗೀಗೆ ಬ್ಯಾರೆ ಬಂದೂಕು ಯಾವ್ದು? ನಾಳಿ ಏಳಕ್ಕ ಪರೀಕ್ಷಾ ಐತಿ" ಎಂದರು.

ಇಲ್ಲಿಂದ ಮುಂದಿನದನ್ನು ಹೊಸ ಹುಡುಗಿಯರು ಸರಿಯಾಗಿ ಓದಬೇಕು. ಯಾರಾದರೂ ಒಳ್ಳೆ ಬಂದೂಕು ಯಾವುದು ಎಂದು ನಿಮ್ಮನ್ನು ಕೇಳಿಯಾರು. ಬಣ್ಣ ನೋಡಬೇಡಿ. ಹಿಡಿಯ ಮರ ಹೊಳೆಯುತ್ತದೋ ಇಲ್ಲವೋ ನೋಡಬೇಡಿ. ಅದರಲ್ಲಿ ಮೊದಲು ಯಾರು ಹೊಡೆದಿದ್ದರು ಎಂದಂತೂ ಕೇಳಲೇಬೇಡಿ. ಹೊಡೆಸಿ ನೋಡಬೇಕು. ಒಬ್ಬರೇ ಹೊಡೆಯಬೇಕು. ಒಂದೇ ಪೆಟ್ಟಿಗೆಯ ಗುಂಡು ಇರಬೇಕು. ಬಂದೂಕನ್ನು ಮರಳಿನ ಚೀಲದ ಮೇಲೆ ಇಟ್ಟುಕೊಳ್ಳಬೇಕು. ನಡುವೆ ಗುರಿಯ ಕಣ್ಣು, ಅಂದರೆ ಗುರಿ ನೋಡುವ ಕಿಂಡಿ, ತಿರುಗಿಸಬಾರದು. ಅವಸರ ಮಾಡಬಾರದು, ನಳಿಗೆ ಬಿಸಿಯಾದರೆ ಗುಂಡು ತನ್ನ ದಾರಿ ಹಿಡಿಯುತ್ತದೆ.

ಮಂಜಯ್ಯ ಗುಂಡಿನ ಮೂತಿ ಇಟ್ಟು ಇಟ್ಟು ನೋಡಿ, ಬಾಯಿ ಸವೆಯದ, ಕಣ್ಣು ಅಲ್ಲಾಡದ ಐದು ಬಂದೂಕು ಆರಿಸಿದ. ಶೈಲಾ ಒಂದೊಂದರಲ್ಲಿ ಐದೈದು ಹೊಡೆದಳು. ನಾನೂ ಗಂಗೆಯೂ ಗುಂಡಿಯಲ್ಲಿ. ಒಂದೊಂದು ಬಂದೂಕಿಗೂ ಹೊಸ ಕಾಗದ. ಆಗ ವೈರ್‌ಲೆಸ್ ಬಂದಿತ್ತು. ಎಲ್ಲಿ ಎಷ್ಟು ಬಿತ್ತು ಎಂದು ನಾನು ಅದರಲ್ಲಿ ಇನ್ಸ್‌ಪೆಕ್ಟರಿಗೆ ಹೇಳುತ್ತಾ ಹೋದೆ. ಸಂಜೆ ಐದಕ್ಕೆ ಮುಗಿಯಿತು.

ಇನ್ಸ್‌ಪೆಕ್ಟರಿಗೆ ಹತ್ತೊಂಬತ್ತನೇ ನಂಬರು ಹಿಡಿಸಿತು. ಅದರ ಒಂದು ಗುಂಡು ಕರಿಯ ನಟ್ಟನಡುವೆ, ಇನ್ನೆರಡು ಕರಿಯ ಅಂಚಿನಲ್ಲಿ, ಉಳಿದೆರಡು ಬಿಳಿಯಲ್ಲಿ. "ಇದ ಬರೋಬ್ಬರಿ ನೋಡು, ನಟ್ಟನಡುವ ಬಿದ್ದೈತಿ."

ನಾನು ಹೇಳಿದೆ, "ಅದು ಬೇಡ. ಇಪ್ಪತ್ತಮೂರು ತಗೊಳ್ಳಿ."

ಇಪ್ಪತ್ತಮೂರರ ಐದು ತೂತೂ ಬಿಳಿಯಲ್ಲಿದ್ದವು. ಕೆಳಗೆ, ಎಡಗಡೆ ಮೂಲೆಯಲ್ಲಿ.

"ಒಂದೂ ಕರಿ ಮುಟ್ಟಿಲ್ಲ, ಅದನ್ನ ತಗೋ ಅಂತೀಯಲ್ಲ?"

"ಎಲ್ಲಿ ಬಿತ್ತು ಅಂತ ನೋಡ್ಬೇಡಿ ಸಾಹೇಬ್ರೇ. ಒಂದಕ್ಕೊಂದು ಎಷ್ಟು ಹತ್ರ ಬಿತ್ತು ಅಂತ ನೋಡಿ. ಒಂದು ಗೇಣೂ ಇಲ್ಲ. ಮುಕ್ಕಾಲು ಗೇಣು. ಮೂಲೆಗೆ ಬಿದ್ದದ್ದನ್ನ ಮಂಜಯ್ಯ ಕಣ್ಣು ತಿರುಗಿಸಿ ನಡುವಿಗೆ ತರ್ತಾನೆ. ಚದುರಿದ್ದನ್ನ ಯಾರಿಗೂ ಒಟ್ಟು ಮಾಡೂಕಾಗೂದಿಲ್ಲ."

ಆ ಕಡೆಯಿಂದ ಇನ್ಸ್‌ಪೆಕ್ಟರ್ ಕೇಳಿದರು, "ಆ ಐದು ತೂತು ಗುಂಡಿಂದೋ, ಕೊಡಿದೋ?"

ಕೇಳಬೇಕಾದದ್ದೇ. ಕಾಗದವನ್ನು ಹಲಗೆಯಿಂದ ಬಿಚ್ಚದೆ ಹಾಗೇ ಬಿಟ್ಟೆ.

ಸ್ವಲ್ಪ ಹೊತ್ತಿನಲ್ಲಿ ಶೈಲಾ ನಡೆದುಕೊಂಡು ಬಂದಳು. ಹೊಡೆಯುವವರು ಗುಂಡಿಗೆ ಬರುವ ಪದ್ಧತಿ ಇಲ್ಲ. ಗುಂಡಿಯ ಏಣಿ ಇಳಿದು ಬಂದು ಕಾಗದದ ಮುಂದೆ ನಿಂತಳು. ಆಫೀಸಿನ ಸುದ್ದಿ ಅವಳಿಗೆ ಮುಟ್ಟಿತ್ತು. ಮಂಜಯ್ಯ ಮೆಲ್ಲಗೆ ಮಾತಾಡಿದ್ದು ಒಂದೇ ಸಲ ಎಂದು ಹೇಳಿದೆನಲ್ಲ. ಅವಳು ಐದೂ ತೂತಿನ ಮಸಿ ನೋಡಿದಳು. ಆಮೇಲೆ ಹಲಗೆಯ ಹಿಂದೆ ಹೋಗಿ ಒಂದೊಂದಕ್ಕೂ ಬೆರಳು ಇಟ್ಟು ನೋಡಿದಳು. ಊದಿದ ಕೈಯಲ್ಲೇ. ನೋಡಲಿ ಎಂದು ನಾನು ಬಿಟ್ಟೆ.

ಮುಂದೆ ಬಂದು ಐದೂ ತೂತಿನ ಮೇಲೆ ಅಂಗೈ ಹರಡಿದಳು. "ಇದು ನಂದಾ ಮಾದೇವಕ್ಕ?"

"ನಿಂದೇ."

"ಒಂಬತ್ತು ವರ್ಷ ಸುಮ್ನೆ ಕೂತಿದ್ರಾ ನೀವು?"

"ಕೂತಿದ್ದೆ."

"ನಂಗಿಂತ ಮೊದ್ಲು ಇಬ್ರನ್ನ ತೆಗೆದ್ರು."

"ಹೌದು. ಅವ್ರಿಗೂ ಹೇಳ್ಲಿಲ್ಲ."

ಮಧ್ಯಾಹ್ನ ನಾನು ತಿಂದ ಬಂಗಡೆ ವಾಪಸು ಕೇಳುವ ಮುಖ ಮಾಡಿದಳು. ಆಮೇಲೆ ಏಣಿ ಹತ್ತಿ ಹೋದಳು. ಹೋಗುತ್ತಾ ಮೇಲಿಂದ ಇನ್ಸ್‌ಪೆಕ್ಟರಿಗೆ ಕೂಗಿದಳು, "ಸಾರ್, ಇಪ್ಪತ್ತಮೂರೇ ಇರ್ಲಿ!"

ಮಂಜಯ್ಯ ಮುಂದಿನ ಕಣ್ಣು, ಹಿಂದಿನ ಕಣ್ಣು ಎರಡನ್ನೂ ತಿರುಗಿಸಿ ಮತ್ತೆ ಆರು ಗುಂಡು ಹೊಡೆಸಿದ. ಮೂಲೆಯ ಗುಂಪು ಹಾಗೇ ಎದ್ದುಕೊಂಡು ನಡುವಿಗೆ ಬಂತು. ಅಷ್ಟು ಹೊತ್ತಿಗೆ ಬೆಳಕು ಇಳಿದಿತ್ತು. ಮನೆಗೆ ಹೋಗುವಾಗ ಗಂಗೆ ಒಂದೇ ಮಾತು ಆಡಿದಳು, "ನನ್ನ ಕೊಡೆ ಹೆಸ್ರು ಯಾಕೆ ಹೇಳಿದ್ಯೆ?"

ನಾನು ಕಾಯಂ ಆದೆ, ಆಮೇಲೆ ನಿವೃತ್ತಿಯೂ ಆದೆ. ಅದರ ಬಗ್ಗೆ ಬರೆಯಲು ಏನಿಲ್ಲ. ಈಗ ರೇಂಜಿಗೆ ಯಂತ್ರದ ಟಾರ್ಗೆಟ್ಟು ಬಂದಿದೆ ಅಂತ ಕೇಳಿದೆ. ಗುಂಡು ತಾಗಿದ ಕೂಡಲೇ ಟಿವಿಯಲ್ಲಿ ಚುಕ್ಕೆ ಬರುತ್ತದಂತೆ, ಅಂಟು ಬೇಡ, ಚೀಟಿ ಬೇಡ. ಒಳ್ಳೆಯದು. ಟಿವಿಗೆ ಕೊಡೆ ಚುಚ್ಚಲು ಆಗುವುದಿಲ್ಲ. ಆದರೆ ದೊಡ್ಡ ಸಾಹೇಬರು ಈಗಲೂ ಬರುತ್ತಾರೆ. ಗೊತ್ತಾತಲ್ಲ ಅಂತ ಯಾರಾದರೂ ಕೇಳಿದರೆ, ಗೊತ್ತಾಗಲಿಲ್ಲ ಅನ್ನಿ. ಒಂದು ದಿನದ ಚಹಾ ಹೋಗುತ್ತದೆ, ಅಷ್ಟೇ.

ಶೈಲಾಳ ಪರೀಕ್ಷೆಯ ಮಾತು ಬಾಕಿ ಇದೆ. ಬಂದೂಕು ಆರಿಸಿದ ಮರುದಿನ ಬೆಳಿಗ್ಗೆ ಏಳಕ್ಕೆ ಶುರು. ಶೈಲಾ ಹತ್ತು ಹೊಡೆದಳು. ಒಂದಕ್ಕೂ ಒಂದಕ್ಕೂ ನಡುವೆ ಎಲೆ ಅಡಿಕೆ ಮಡಚುವಷ್ಟು ಹೊತ್ತು. ಹಲಗೆ ಇಳಿಸಿದೆವು. ನಾನು ಎಣಿಸಿದೆ, ಗಂಗೆ ಎಣಿಸಿದಳು. ಕರಿಯಲ್ಲಿ ಎಂಟು, ಬಿಳಿಯಲ್ಲಿ ಎರಡು. ಬೇಕಾದದ್ದು ಸರಿಯಾಗಿ ಎಂಟು.

"ಒಂಬತ್ತು ಬಿದ್ದಿದ್ರೆ ಒಳ್ಳೇದಿತ್ತು" ಎಂದಳು ಗಂಗೆ. "ಎಂಟು ಅಂದ್ರೆ ಯಾರು ನಂಬ್ತಾರೆ ನಿನ್ನ?"

ವೈರ್‌ಲೆಸ್ಸಿನಲ್ಲಿ ಎಂಟು ಎಂದೆ. ಇನ್ಸ್‌ಪೆಕ್ಟರ್ ಇನ್ನೊಮ್ಮೆ ಕೇಳಿದರು. ಹಲಗೆಯನ್ನು ಗೂಟದಿಂದ ಬಿಚ್ಚಿ, ಸಿಂಬಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು, ಏಣಿ ಹತ್ತಿ, ಹೊಡೆಯುವವರ ಕಡೆಗೆ ನಡೆದೆ. ಹದಿನಾರು ವರ್ಷದಲ್ಲಿ ಆ ಮುನ್ನೂರು ಮೀಟರನ್ನು ನಡುವಿನಲ್ಲಿ ನಡೆದದ್ದು ಅದೇ ಮೊದಲು. ಹುಲ್ಲು ಚೆನ್ನಾಗಿ ಬೆಳೆದಿತ್ತು.

ಹಲಗೆಯನ್ನು ಇನ್ಸ್‌ಪೆಕ್ಟರರ ಮುಂದೆ ನೆಲಕ್ಕೆ ನಿಲ್ಲಿಸಿದೆ. ಅವರು ಹಿಂದೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಹತ್ತು ತೂತಿಗೂ ಬೆರಳು ಹಾಕಿ ನೋಡಿದರು. ಶೈಲಾ ಚಾಪೆಯ ಮೇಲೆ ಮಲಗಿದ್ದವಳು ಏಳಲೇ ಇಲ್ಲ. ಬಂದೂಕಿನ ಹಿಡಿಗೆ ಕೆನ್ನೆ ಒತ್ತಿಕೊಂಡೇ ಇದ್ದಳು.

"ಎಂಟು" ಎಂದರು ಇನ್ಸ್‌ಪೆಕ್ಟರ್, ಎದ್ದು ಬೆರಳು ಒರೆಸಿಕೊಳ್ಳುತ್ತಾ. "ಪಾಸು. ಬರಕೋ ಮಂಜಯ್ಯ." ಆಮೇಲೆ ನನ್ನ ಕಡೆ ನೋಡಿದರು. "ಇದನ್ನೂ ಗ್ವಾಡಿಗೆ ಹಾಕೂಣೇನು?"

"ಬೇಡ ಸಾಹೇಬ್ರೇ. ಮುಂದಿನವ್ರು ಕಾಯ್ತಾ ಇದ್ದಾರೆ. ಹಲಗೆ ಬೇಕು."

ತಲೆಯ ಮೇಲೆ ಹೊತ್ತುಕೊಂಡು ವಾಪಸು ಬಂದೆ. ಗಂಗೆ ಅಂಟು ಕಲಸಿಟ್ಟಿದ್ದಳು. ಎಂಟು ತೂತಿಗೆ ಕರಿ ಚೀಟಿ ಹಚ್ಚಿದೆ, ಎರಡಕ್ಕೆ ಬಿಳಿ.